ಹಿಂದಿನ ಗಾಲಿಯ ಸದ್ದು

ನಮ್ಮೂರು ಹತ್ತರಗಿ ಎಂದರೆ ಹೊರಗಿನವರಿಗೆ ಟೋಲ್ ನಾಕಾ ಎಂದೇ ಪರಿಚಯ. ಪುಣೆಯಿಂದ ಬೆಂಗಳೂರಿಗೆ ಹೋಗುವ, ಮೊದಲು 4 ಎಂಬ ನಂಬರಿದ್ದು ಈಗ 48 ಆಗಿರುವ ಹೆದ್ದಾರಿಯ ಮೇಲಿನ ಊರು ನಮ್ಮದು. ಯಾವ ಮದುವೆಮನೆಯಲ್ಲಿ ಊರ ಹೆಸರು ಹೇಳಿದರೂ, "ಓ, ಗಾಡಿ ನಿಲ್ಲಿಸಿ ರೊಕ್ಕಾ ಕೊಡೂ ಊರಲ್ಲಾ?" ಎನ್ನುತ್ತಾರೆ. ಹೌದು, ಎಲ್ಲರೂ ನಿಲ್ಲುವ ಊರು. ಇಂಥ ಊರಿನವಳಾಗಿಯೂ ನಿಲ್ಲಿಸುವುದು ಎಷ್ಟು ದೊಡ್ಡ ವಿದ್ಯೆ ಎಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

ಮೊದಲು ನಮ್ಮ ಮನೆಯಲ್ಲಿ ಕಾರು ನಡೆಸುತ್ತಿದ್ದವರು ನಮ್ಮವರು. ಹಿಡಕಲ್ ಜಲಾಶಯದ ಕಾಲುವೆಗಳ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ. ಘಟಪ್ರಭೆಯ 51 ಟಿಎಂಸಿ ನೀರನ್ನು ತಡೆದು ನಿಲ್ಲಿಸುವ ಅಣೆಕಟ್ಟಿನ ನೆರಳಲ್ಲಿ ಬದುಕಿದವರಿಗೆ ಒಂದು ಕಾರು ನಿಲ್ಲಿಸುವುದು ಯಾವ ಲೆಕ್ಕ! ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬಾಯಾರು. ಅವರ ಒತ್ತಾಯಕ್ಕೆ ಲೈಸೆನ್ಸ್ ಮಾಡಿಸಿದ್ದೆನಾದರೂ ಅದು ರೇಶನ್ ಕಾರ್ಡಿನ ಜೊತೆಗೆ ಕಪಾಟಿನಲ್ಲಿ ಸುಖವಾಗಿ ಮಲಗಿತ್ತು.

ಅವರು ನಿವೃತ್ತರಾದ ಮೂರನೆಯ ವರ್ಷ, ಒಂದು ಬೆಳಿಗ್ಗೆ, ಚಹಾದ ಕಪ್ಪು ಕೈಯಿಂದ ಜಾರಿತು. ಲಕ್ವಾ. ಬಲಗೈ, ಬಲಗಾಲು ಸೋತವು; ಅದರ ಜೊತೆಗೆ ಮಾತೂ ಹೋಯಿತು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗದಿದ್ದರೆ ದೇಹದ ಬಲಭಾಗ ಸೋಲುತ್ತದೆ, ಮಾತಿನ ಜಾಗವೂ ಬಹಳ ಜನಕ್ಕೆ ಅಲ್ಲಿಯೇ ಇರುತ್ತದೆ ಎಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೆ. ಪಾಠ ಹೇಳುವುದು ಬೇರೆ, ಅದೇ ಮನೆಗೆ ಬಂದು ಕೂಡುವುದು ಬೇರೆ. ಎಲ್ಲ ತಿಳಿಯುತ್ತದೆ, ಹೇಳಬೇಕೆಂದರೆ ಶಬ್ದ ಸಿಗುವುದಿಲ್ಲ. "ಹೂಂ", "ಬ್ಯಾಡ", "ಅಲ್ಲ" ಎಂಬ ಮೂರೇ ಮಾತು ಉಳಿದವು. ಅವುಗಳಲ್ಲಿಯೂ ಒಮ್ಮೊಮ್ಮೆ "ಹೂಂ" ಅನ್ನಬೇಕಾದಲ್ಲಿ "ಬ್ಯಾಡ" ಬಂದುಬಿಡುತ್ತಿತ್ತು.

ಪ್ರತಿ ಗುರುವಾರ ಬೆಳಗಾವಿಗೆ ವ್ಯಾಯಾಮ ಚಿಕಿತ್ಸೆಗೆ ಹೋಗಬೇಕಾಯಿತು. ಬಸ್ಸಿಗೇನೂ ಕಡಿಮೆ ಇಲ್ಲ, ಆದರೆ ಬಸ್ಸಿನ ಪಾವಟಿಗೆ ಹತ್ತಲು ಅವರಿಗೆ ಆಗದು. ಬಾಡಿಗೆ ಕಾರು ಮಾಡಿದರೆ ಪಿಂಚಣಿಯ ಅರ್ಧ ರಸ್ತೆಯ ಮೇಲೆಯೇ ಖರ್ಚು. ಪುಣೆಯಲ್ಲಿರುವ ಮಗ, "ಅವ್ವಾ, ಕಾರು ಮಾರಿಬಿಡೂಣು. ಈ ವಯಸ್ಸಿನಾಗ ನೀ ಹೈವೇ ಮ್ಯಾಲ ಗಾಡಿ ನಡಸೂದು ಬ್ಯಾಡ" ಎಂದ. ಮಾರಿದರೆ ಗುರುವಾರಗಳು ನಿಲ್ಲುತ್ತವೆ, ಗುರುವಾರಗಳು ನಿಂತರೆ ಆ ಬಲಗೈ ಹಾಗೆಯೇ ಮುಷ್ಟಿ ಬಿಗಿದುಕೊಂಡು ಉಳಿದುಬಿಡುತ್ತದೆ. ನಾನು ಕಪಾಟಿನಿಂದ ಲೈಸೆನ್ಸ್ ತೆಗೆದೆ. ಒಂದು ತಿಂಗಳು ಓಣಿಯ ಕೋಳಿ, ನಾಯಿಗಳನ್ನೆಲ್ಲ ಗಾಬರಿಪಡಿಸಿ, ಆಮೇಲೆ ಹೆದ್ದಾರಿಗೆ ಇಳಿದೆ.

ಆ ದಿನಗಳಲ್ಲಿ ನನಗೆ ಅತಿ ಸಿಟ್ಟು ತರಿಸುತ್ತಿದ್ದುದೆಂದರೆ ಅವರ ಎಡಗಾಲು. ಪಕ್ಕದ ಸೀಟಿನಲ್ಲಿ ಕೂತು, ಮುಂದೆ ಲಾರಿ ಕಂಡಿತೆಂದರೆ ಸಾಕು, ಇಲ್ಲದ ಬ್ರೇಕನ್ನು ಆ ಎಡಗಾಲಿನಿಂದ ಜೋರಾಗಿ ಒತ್ತುತ್ತಿದ್ದರು. ಗಂಡನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಕಾರು ನಡೆಸಿದ ಯಾವ ಹೆಂಗಸಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. "ನಾ ಒತ್ತೇನ್ರಿ, ನೀವು ಸುಮ್ಮನ ಕೂಡ್ರಿ" ಎಂದು ಎಷ್ಟು ಸಲ ರೇಗಿದ್ದೇನೋ!

ಒಂದು ಗುರುವಾರ ಹ್ಯಾಂಡ್ ಬ್ರೇಕನ್ನು ಪೂರ್ತಿ ಇಳಿಸದೆಯೇ ಹೊರಟುಬಿಟ್ಟೆ. ಸ್ವಲ್ಪ ದೂರ ಹೋಗುವುದರಲ್ಲಿ ಏನೋ ಸುಟ್ಟ ವಾಸನೆ. ನಮ್ಮ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿ ಇಡುತ್ತಾರಲ್ಲ, ಅದೇ ಇರಬೇಕು ಎಂದುಕೊಂಡೆ. ಇವರು ಎಡಗೈ ಚಾಚಿ ನಮ್ಮಿಬ್ಬರ ನಡುವಿನ ಲಿವರನ್ನು ಬಡಿಯತೊಡಗಿದರು. ಪಾಪ, ಕೂತು ಬೇಸರ ಬಂದಿದೆ ಎಂದು ನಾನು ರೇಡಿಯೋ ಹಚ್ಚಿದೆ! ಬೆಳಗಾವಿ ಮುಟ್ಟಿದ ಮೇಲೆಯೇ ನನ್ನ ಪ್ರತಾಪ ನನಗೆ ತಿಳಿದದ್ದು. ಅಷ್ಟು ದೂರವೂ ಹಿಂದಿನ ಗಾಲಿಗಳನ್ನು ಬ್ರೇಕು ಹಿಡಿದುಕೊಂಡೇ ಬಂದಿತ್ತು.

ಅದಾದ ಕೆಲವು ವಾರಗಳಿಗೆ ಸದ್ದು ಶುರುವಾಯಿತು. ಬೆಳಗಾವಿಯಿಂದ ಮರಳಿ ಬರುವಾಗ ವಂಟಮೂರಿ ಘಾಟು ಇಳಿಯಬೇಕು. ಬ್ರೇಕ್ ಒತ್ತಿದರೆ ಹಿಂದಿನಿಂದ "ಚೀಂಯ್" ಎಂಬ ಸದ್ದು, ಹಲಗೆಯ ಮೇಲೆ ಉಗುರು ಎಳೆದ ಹಾಗೆ. ಆ ಸದ್ದು ಕೇಳಿದಾಗ ಇವರ ಮುಖ ಕಿವುಚಿತು. ಈ ಸದ್ದು ಕೆಡುಕಿನದಲ್ಲ, ಉಪಕಾರದ್ದು ಎಂದು ಆಮೇಲೆ ತಿಳಿಯಿತು. ಬ್ರೇಕ್ ಪ್ಯಾಡು ಸವೆದು ತೆಳ್ಳಗಾದಾಗ ಅದಕ್ಕಿರುವ ಒಂದು ಸಣ್ಣ ತಗಡಿನ ನಾಲಿಗೆ ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟಿರುತ್ತಾರಂತೆ. ಅದೂ ಒಂದು ಮಾತೇ, ಕೇಳುವವರಿಗೆ.

ನಮ್ಮೂರ ಹೆದ್ದಾರಿಯ ಬದಿಗೆ ನನ್ನ ಹಳೆಯ ವಿದ್ಯಾರ್ಥಿಯ ಗ್ಯಾರೇಜಿದೆ. ಹೆಸರು ಬರೆದರೆ ನಾಚಿಕೊಳ್ಳುತ್ತಾನೆ, ಬೇಡ. ವಿಜ್ಞಾನದಲ್ಲಿ ಮೂವತ್ತೈದು ದಾಟಿಸಲು ನಾನು ಬೆವರು ಹರಿಸಿದ ಹುಡುಗ. ಈಗ ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಅವನ ಬಾಗಿಲಲ್ಲಿ ನಿಲ್ಲುತ್ತವೆ. ಬೆಳಗಾವಿಯಿಂದ ಹೊಸ ಪ್ಯಾಡುಗಳನ್ನು ತಂದುಕೊಟ್ಟು, ಇವರನ್ನು ಬೇವಿನ ಮರದ ನೆರಳಲ್ಲಿ ಕುರ್ಚಿಯ ಮೇಲೆ ಕೂಡ್ರಿಸಿ, ನಾನು ಪಕ್ಕದಲ್ಲಿ ನಿಂತೆ.

"ಬಾಯಾರ, ಸಣ್ಣ ಕಾರಿಗೆ ಹಿಂದ ಡ್ರಮ್ ಇರತಾವ್ರಿ. ನಿಮ್ಮ ಗಾಡಿಗಿ ಹಿಂದೂ ಡಿಸ್ಕ್ ಅದಾವು. ನಾ ಇಂಥಾದು ಬಿಚ್ಚಿದ್ದು ಕಡಿಮಿ" ಎಂದು ಮೊದಲೇ ಹೇಳಿದ. ಸುಳ್ಳು ಹೇಳದ ಮಿಸ್ತ್ರಿ ಸಿಗುವುದು ಪುಣ್ಯ.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಜಾಕ್ ಏರಿಸಿ, ಕೆಳಗೆ ಗಟ್ಟಿ ಸ್ಟ್ಯಾಂಡು ಇಟ್ಟು ಗಾಲಿ ಬಿಚ್ಚಿದ. ಒಳಗೆ ತಾಟಿನಂಥ ಹೊಳೆಯುವ ಡಿಸ್ಕು. ಅದನ್ನು ಎರಡೂ ಬದಿಯಿಂದ ಚಿಮುಟದಂತೆ ಹಿಡಿಯುವ ದಪ್ಪನೆಯ ಕ್ಯಾಲಿಪರು. ಅದರ ಹೊಟ್ಟೆಯೊಳಗೆ ಪಿಸ್ಟನ್ನು. ನೋಡಿದೊಡನೆ ನನಗೆ ನಗು ಬಂತು. ನಾವು ಪೆಡಲ್ ಒತ್ತಿದರೆ ಆ ಒತ್ತಡ ಬ್ರೇಕ್ ಆಯಿಲಿನ ಮೂಲಕ ಕೊಳವೆಗುಂಟ ಹೋಗಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮ! 17ನೆಯ ಶತಮಾನದ ಆ ಫ್ರೆಂಚ್ ಪಂಡಿತನನ್ನು ವರ್ಷವೂ ಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ನಾನು ದಿನವೂ ಕಾಲಿನಿಂದ ಒತ್ತುತ್ತಿದ್ದುದು ಅವನನ್ನೇ ಎಂದು ಹೊಳೆದಿರಲಿಲ್ಲ. "ಇದನ್ನ ನೀವು ಹೇಳಿದ್ರಿ, ನನಗ ತಿಳಿದಿರಲಿಲ್ಲ" ಎಂದ ಹುಡುಗ. "ನನಗೂ ಈಗ ತಿಳೀತಪಾ" ಎಂದೆ.

ಹಳೆಯ ಪ್ಯಾಡು ಹೊರಗೆ ಬಂತು. ಒಳಬದಿಯದು ಬೆಂಕಿಕಡ್ಡಿಯಷ್ಟೂ ದಪ್ಪ ಉಳಿದಿರಲಿಲ್ಲ. ನನ್ನ ಹ್ಯಾಂಡ್ ಬ್ರೇಕಿನ ಪ್ರತಾಪಕ್ಕೆ ಸಾಕ್ಷಿ. ಅವನು ಕ್ಯಾಲಿಪರನ್ನು ಅದರ ರಬ್ಬರ್ ಕೊಳವೆಯ ಮೇಲೆ ಜೋತು ಬೀಳಲು ಬಿಡದೆ ತಂತಿಯಿಂದ ಮೇಲೆ ಕಟ್ಟಿದ. ಕಪ್ಪು ಧೂಳನ್ನು ಬಾಯಿಂದ ಊದಲು ಹೋದವನನ್ನು ನಾನು ತಡೆದೆ. ಹಳೆಯ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಎದೆಗೆ ಹೋದರೆ ಕೆಟ್ಟದ್ದು. ಹೊಸದರಲ್ಲಿ ಇಲ್ಲದಿದ್ದರೂ ಬ್ರೇಕಿನ ಧೂಳು ಮೂಗಿಗೆ ಒಳ್ಳೆಯದಲ್ಲ. ಒದ್ದೆ ಅರಿವೆಯಿಂದ ಒರೆಸಿದ.

ಈಗ ಕಷ್ಟ ಬಂತು. ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ಮುಂದೆ ಮುಂದೆ ಬಂದಿರುತ್ತದೆ. ಹೊಸ ಪ್ಯಾಡು ದಪ್ಪ, ಆದ್ದರಿಂದ ಪಿಸ್ಟನ್ನನ್ನು ಮೊದಲಿನ ಜಾಗಕ್ಕೆ ಹಿಂದೆ ಕಳಿಸಬೇಕು. ಹುಡುಗ ಸಿ-ಕ್ಲಾಂಪ್ ಹಚ್ಚಿ ಬಿಗಿದ. ಅಲುಗಲಿಲ್ಲ. ಇನ್ನಷ್ಟು ಬಿಗಿದ. ಊಹೂಂ. ಅವನಿಗೆ ಕಲಿಸಿದ ಸಂಕೇಶ್ವರದ ಉಸ್ತಾದನಿಗೆ ಫೋನ್ ಮಾಡಿದ, ಅವರು ಎತ್ತಲಿಲ್ಲ. ಕೊನೆಗೆ ಹಣೆ ಒರೆಸಿಕೊಂಡು, "ಪಿಸ್ಟನ್ ಜಾಮ್ ಆಗೇತ್ರಿ ಬಾಯಾರ. ಕ್ಯಾಲಿಪರ ಬದಲ ಮಾಡಬೇಕಾಕ್ಕೈತಿ. ಎರಡೂ ಬಾಜೂ ಹಿಡದು ಸಾವಿರಗಟ್ಟಲೆ ಆಗತೈತ್ರಿ" ಎಂದ. ನನ್ನ ಎದೆ ಧಸಕ್ಕೆಂದಿತು. ಮಗನ ಮಾತು ಕಿವಿಯಲ್ಲಿ ಕೇಳಿಸಿತು. "ಇನ್ನೊಂದ್ಸಲ ನೋಡ್ತೀನ್ರಿ" ಎಂದು ಅವನು ಕ್ಲಾಂಪಿನ ಹಿಡಿಕೆಗೆ ಉದ್ದನೆಯ ಪೈಪು ಸೇರಿಸಲು ಹೊರಟ.

ಆಗ ಬೇವಿನ ಮರದ ಕೆಳಗಿನಿಂದ, "ಬ್ಯಾಡ! ಬ್ಯಾಡ!"

ತಿರುಗಿ ನೋಡಿದರೆ ಇವರು ಕುರ್ಚಿಯ ತುದಿಗೆ ಬಂದು ಕೂತಿದ್ದಾರೆ. ಎಡಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದಾರೆ, ಬೀಗ ತೆಗೆದ ಹಾಗೆ. "ಸಾಹೇಬ್ರು ಕಾರು ಚಾಲೂ ಮಾಡ್ರಿ ಅನ್ನಾಕತ್ತಾರ, ಮನೀಗಿ ಹೋಗೂಣು ಅಂತ" ಎಂದ ಹುಡುಗ. ಅವರು ತಲೆ ಅಲ್ಲಾಡಿಸಿದರು. ಬಿಸಿಲಿಗೆ ನೀರಡಿಕೆಯಾಗಿದೆ ಎಂದು ನಾನು ನೀರಿನ ಬಾಟಲಿ ಕೊಟ್ಟೆ. ಅದನ್ನು ಇಸಿದುಕೊಂಡರು, ಕುಡಿಯಲಿಲ್ಲ. ಎರಡು ಮಂಡಿಗಳ ನಡುವೆ ಬಾಟಲಿಯನ್ನು ಸಿಕ್ಕಿಸಿಕೊಂಡು, ಎಡಗೈಯಿಂದ ಮುಚ್ಚಳ ಬಿಚ್ಚಿ, ಅದನ್ನು ಮತ್ತೆ ಬಾಟಲಿಯ ಬಾಯಿಗಿಟ್ಟು ನೆಟ್ಟಗೆ ಒತ್ತಿ ತೋರಿಸಿದರು. "ಅಲ್ಲ" ಎಂದರು. ಆಮೇಲೆ ಒತ್ತುತ್ತಾ ತಿರುವಿದರು. ಮುಚ್ಚಳ ಸರಸರನೆ ಕೂತಿತು. "ಹೂಂ" ಎಂದು ನನ್ನ ಮುಖ ನೋಡಿದರು.

ಲಿವರು ಬಡಿದ ದಿನ ನಾನು ರೇಡಿಯೋ ಹಚ್ಚಿದ್ದೆ. ಈ ಸಲ ತಿಳಿಯಿತು. "ತಿರುವಬೇಕಂತಪಾ! ಒತ್ತಿ ತಿರುವಬೇಕಂತ!" ಎಂದು ಕೂಗಿದೆ.

ಹುಡುಗ ಕೂತು ಪಿಸ್ಟನ್ನಿನ ಮುಖ ಒರೆಸಿ ನೋಡಿದ. ಕೊಳೆಯ ಅಡಿಯಲ್ಲಿ ಎದುರುಬದುರು ಕಚ್ಚುಗಳಿದ್ದವು, ಸ್ಕ್ರೂವಿನ ತಲೆಗೆ ಇರುವಂತೆ. "ಅಯ್ಯ, ಇದು ತಿರಗೂದೈತಲ್ರೀ!" ಎಂದ.

ಇದರ ಮರ್ಮವನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿಯೇ ಹೇಳಿಬಿಡುತ್ತೇನೆ. ಮೇಲೆ ಹಿಡಿಕೆ ತಿರುವಿ ಚಕ್ಕುಲಿ ಒತ್ತುವ ಹಿತ್ತಾಳೆಯ ಒರಳು ನೀವು ಬಳಸಿರುತ್ತೀರಿ. ಹಿಟ್ಟು ಮುಗಿದು ಬಿಲ್ಲೆ ತಳಕ್ಕೆ ಬಂದಾಗ ಅದನ್ನು ಎಷ್ಟು ಎಳೆದರೂ ಮೇಲೆ ಬರುವುದಿಲ್ಲ. ಹಿಡಿಕೆಯನ್ನು ಉಲ್ಟಾ ತಿರುವಿದರೆ ತಾನಾಗಿ ಏರುತ್ತದೆ, ಯಾಕೆಂದರೆ ಅದು ತಿರುಪಿನ ಮೇಲೆ ನಿಂತದ್ದು. ಮುಂದಿನ ಗಾಲಿಯ ಪಿಸ್ಟನ್ನಿಗೆ ಎಣ್ಣೆಯ ಒತ್ತಡವೊಂದೇ ಆಧಾರ, ಒತ್ತಿದರೆ ಹಿಂದೆ ಹೋಗುತ್ತದೆ. ಆದರೆ ನಮ್ಮಂಥ ಕಾರುಗಳಲ್ಲಿ ಹಿಂದಿನ ಪಿಸ್ಟನ್ನಿಗೆ ಹ್ಯಾಂಡ್ ಬ್ರೇಕಿನ ಕೆಲಸವೂ ಇದೆ. ಅದಕ್ಕಾಗಿ ಅದರೊಳಗೆ ಒಂದು ತಿರುಪು ಇರುತ್ತದೆ. ಪ್ಯಾಡು ಸವೆದಂತೆ ತಿರುಪು ಒಂದೊಂದೇ ಎಳೆ ಮುಂದೆ ಸರಿದು ಅಂತರ ತುಂಬಿಕೊಳ್ಳುತ್ತದೆ. ಹಿಂದೆ ಕಳಿಸಬೇಕಾದರೆ ಒತ್ತುತ್ತಲೇ ತಿರುವಬೇಕು. ಬರೀ ಬಲ ಹಾಕಿದರೆ ಆ ತಿರುಪೇ ಮುರಿದೀತು. ಬಟನ್ ಒತ್ತಿದರೆ ಹ್ಯಾಂಡ್ ಬ್ರೇಕ್ ಬೀಳುವ ಹೊಸ ಕಾರುಗಳ ದಾರಿಯೇ ಬೇರೆ. ಅವುಗಳಲ್ಲಿ ಮೊದಲು ಯಂತ್ರದ ಮೂಲಕ ಒಳಗಿನ ಮೋಟಾರನ್ನು ಹಿಂದೆ ಸರಿಸಬೇಕು.

ಕಾಲುವೆಯ ಸಣ್ಣ ಗೇಟುಗಳನ್ನು ತಿರುಪಿನ ಹಿಡಿಕೆ ತಿರುವಿ ಏರಿಸಿ ಇಳಿಸುವುದನ್ನು ಮೂವತ್ತು ವರ್ಷ ಕಂಡ ಮನುಷ್ಯ ಇವರು. ಪೈಪು ಸೇರಿಸುವುದನ್ನು ಕಂಡು ಅವರ ಜೀವ ಹೇಗೆ ತಡೆದೀತು!

ತಿರುವುವ ಸಾಧನ ಗ್ಯಾರೇಜಿನಲ್ಲಿರಲಿಲ್ಲ. ಮೂತಿ ಚೂಪಾದ ಇಕ್ಕಳದ ಎರಡು ತುದಿಗಳನ್ನು ಕಚ್ಚುಗಳಲ್ಲಿ ಇಟ್ಟು, ಒತ್ತುತ್ತಾ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುವಿದ. ಕೆಲವು ಕಾರುಗಳಲ್ಲಿ ಒಂದು ಬದಿಯದು ಉಲ್ಟಾ ತಿರುಗುವುದೂ ಉಂಟಂತೆ. ನಮ್ಮದು ನೆಟ್ಟಗಿತ್ತು. ಪಿಸ್ಟನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಒಳಗೆ ಸರಿಯಿತು. ಸುತ್ತಲಿನ ರಬ್ಬರು ಹರಿಯದಂತೆ, ನುಲಿಯದಂತೆ ನೋಡಿಕೊಂಡ. ಪಿಸ್ಟನ್ನು ಹಿಂದೆ ಹೋದಂತೆ ಎಣ್ಣೆ ಮೇಲಕ್ಕೆ ಬರುತ್ತದೆ. ಬಾನೆಟ್ಟಿನ ಕೆಳಗಿನ ಡಬ್ಬಿ ತುಂಬಿ ಚೆಲ್ಲಿದರೆ ಬಣ್ಣವನ್ನು ತಿಂದುಹಾಕುತ್ತದೆ. ಇವರ ಔಷಧಕ್ಕೆಂದು ನನ್ನ ಚೀಲದಲ್ಲಿದ್ದ ಹೊಸ ಸಿರಿಂಜು ಆಗ ಉಪಯೋಗಕ್ಕೆ ಬಂತು, ಹೆಚ್ಚಾದ ಎಣ್ಣೆಯನ್ನು ಅದರಿಂದ ಎಳೆದು ತೆಗೆದೆ.

ಕೊನೆಗೆ ಕಚ್ಚುಗಳನ್ನು ಪ್ಯಾಡಿನ ಬೆನ್ನ ಮೇಲಿನ ಸಣ್ಣ ಮೊಳೆಗೆ ಸರಿಹೊಂದುವಂತೆ ನಿಲ್ಲಿಸಿದ. ಕ್ಯಾಲಿಪರು ಸರಿದಾಡುವ ಪಿನ್ನುಗಳನ್ನು ಒರೆಸಿ, ಬ್ರೇಕಿನ ಗ್ರೀಸು ಸವರಿ ಕೂಡ್ರಿಸಿದ. ಪ್ಯಾಡಿನ ಮುಖಕ್ಕೆ ಮಾತ್ರ ಗ್ರೀಸಿನ ಬೆರಳೂ ತಾಗಬಾರದು.

"ಇನ್ನೊಂದು ಗಾಲಿ ನಾ ತಿರುವತೀನಿ" ಎಂದೆ. ಹುಡುಗ ಗಾಬರಿಯಾದ. "ಸೀರಿ ಹೊಲಸ ಆಗತೈತ್ರಿ." ಆದರೆ ಆಗಲಿ. ಸೆರಗು ಸಿಕ್ಕಿಸಿ ಕೂತೆ. ಅದೇ ವಾರ ಬೆಳಗಾವಿಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ನನಗೆ ಹೇಳಿದ್ದಳು: "ಆಂಟಿ, ಅಂಕಲ್ ಕೈ ಬೆರಳು ಜಗ್ಗಿ ಬಿಡಿಸಬ್ಯಾಡ್ರಿ. ಜಗ್ಗಿದಷ್ಟೂ ಬಿಗೀತದ. ಸಾವಕಾಶ ಬಿಡಿಸ್ರಿ, ಬಿಡೂ ತನಕಾ ಕಾಯ್ರಿ." ಇಕ್ಕಳ ಹಿಡಿದಾಗ ಅದು ನೆನಪಾಯಿತು. ನಾನು ಮನೆಯಲ್ಲಿ ಆ ಮುಷ್ಟಿಯನ್ನು ಅವಸರದಿಂದ ಎಷ್ಟು ಸಲ ಜಗ್ಗಿದ್ದೆ!

ಇನ್ನೊಂದು ನೆನಪು ಕೂಡ ಬಂತು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆಯೇ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳ ಜೊತೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ಹೊರಟುಬಿಟ್ಟಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋಯಿತು. ದಾರಿಯ ಚಮ್ಮಾರನೊಬ್ಬನ ಕೈಯಿಂದ ಅದಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ಹೋದಳು. ಬ್ರೇಕಿಗೆ ಮೆತ್ತೆ ಹಚ್ಚುವ ವಿಚಾರ ಬಂದದ್ದು ತವರಿಗೆ ಹೊರಟ ಹೆಣ್ಣಿನ ತಲೆಗೆ! ಈ ಕತೆ ಹೇಳಿದಾಗ ತರಗತಿಯ ಹುಡುಗಿಯರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಈಗ ನನ್ನ ಕೈಯೂ ಕಪ್ಪಾಗಿತ್ತು, ತಟ್ಟಲು ಅಲ್ಲಿ ಯಾರೂ ಇರಲಿಲ್ಲ. ಮರದ ಕೆಳಗಿನ ಮನುಷ್ಯ ಮಾತ್ರ ನೋಡುತ್ತಿದ್ದರು.

ಗಾಲಿಗಳು ಕೂತವು, ಜಾಕು ಇಳಿಯಿತು. ಹುಡುಗ ಕಲ್ಲುಗಳನ್ನು ತೆಗೆದ. ಇವರನ್ನು ಹತ್ತಿಸಿ, ನಾನು ಕೂತು, ಕೀಲಿಗೆ ಕೈ ಹಾಕಿದೆ. ಗ್ಯಾರೇಜಿನ ಮುಂದೆ ಸಣ್ಣ ಇಳುಕಲು, ಅದರಾಚೆ ರಸ್ತೆ, ರಸ್ತೆಯ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರು. ಕೀಲಿ ತಿರುವುವ ಮೊದಲೇ ಪಕ್ಕದಲ್ಲಿ ಧಪ್, ಧಪ್, ಧಪ್ ಎಂಬ ಸದ್ದು. ಅದೇ ಎಡಗಾಲು. ಎದುರಿಗೆ ಲಾರಿ ಇಲ್ಲ, ಕಾರು ಚಾಲೂ ಆಗಿಲ್ಲ, ಆದರೂ ಇಲ್ಲದ ಬ್ರೇಕನ್ನು ಒಂದೇ ಸಮನೆ ತುಳಿಯುತ್ತಿದ್ದಾರೆ. ರೇಗಬೇಕೆಂದು ಬಾಯಿ ತೆರೆದವಳು ಬಾಟಲಿಯ ನೆನಪಾಗಿ ಸುಮ್ಮನಾದೆ. ಅವರು ಮಾಡಿದಂತೆ ನಾನೂ ಪೆಡಲ್ ಒತ್ತಿದೆ.

ಪೆಡಲು ನೆಲ ಮುಟ್ಟಿತು. ಒತ್ತಿದ್ದಕ್ಕೆ ತಡೆಯೇ ಇಲ್ಲ, ಮೊಸರಿನಲ್ಲಿ ಕಾಲಿಟ್ಟ ಹಾಗೆ.

ಮೈ ಬೆವರಿತು. ಪಿಸ್ಟನ್ನುಗಳನ್ನು ಹಿಂದೆ ಕಳಿಸಿದ ಮೇಲೆ ಅವಕ್ಕೂ ಪ್ಯಾಡಿಗೂ ನಡುವೆ ಅಂತರ ಬಿದ್ದಿರುತ್ತದೆ. ಕಾರು ಕದಲುವ ಮೊದಲು ಪೆಡಲನ್ನು ಮತ್ತೆ ಮತ್ತೆ ಒತ್ತಿ ಅವನ್ನು ಜಾಗಕ್ಕೆ ತರಬೇಕು. ಹುಡುಗ ಮರೆತಿದ್ದ, ನನಗೆ ಗೊತ್ತಿರಲಿಲ್ಲ. ಮತ್ತೆ ಒತ್ತಿದೆ, ಮತ್ತೆ, ಮತ್ತೆ. ಐದಾರು ಸಲಕ್ಕೆ ಪೆಡಲು ಗಟ್ಟಿಯಾಗಿ ಕಾಲನ್ನು ತಡೆಯಿತು. ಪಕ್ಕದ ಎಡಗಾಲು ಆಗ ನಿಂತಿತು. "ಹೂಂ" ಎಂದರು.

ಹುಡುಗ ಓಡಿಬಂದು ತಲೆಗೆ ಕೈ ಹಚ್ಚಿಕೊಂಡ. ಎಣ್ಣೆಯ ಮಟ್ಟ ಮತ್ತೆ ನೋಡಿ, ಹ್ಯಾಂಡ್ ಬ್ರೇಕ್ ನಾಲ್ಕು ಸಲ ಎಳೆದು ಇಳಿಸಿ, ಅಂಗಳದಲ್ಲಿಯೇ ಹಿಂದೆ ಮುಂದೆ ನಡೆಸಿ ನಿಲ್ಲಿಸಿ ನೋಡಿದ ಮೇಲೆಯೇ ನಮ್ಮನ್ನು ಬಿಟ್ಟ. ಮೊದಲ ಕೆಲವು ದಿನ ಜೋರಾಗಿ ಬ್ರೇಕ್ ಹೊಡೆಯದೆ ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಬಿಡಬೇಕು ಎಂದ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ್ದು ಘಾಟಿನ ಬಿಸಿಗೆ ಕುದಿದರೆ ಪೆಡಲು ಮೆತ್ತಗಾಗುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎಂದೂ ಹೇಳಿದ. ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. "ಇವತ್ತಿನ ಪಾಠ ಸಾಹೇಬ್ರು ಹೇಳ್ಯಾರ್ರಿ" ಎಂದ. ನಾನು ಜೇಬಿಗೆ ತುರುಕಿ ಬಂದೆ.

ಮರುಗುರುವಾರ ವಂಟಮೂರಿ ಘಾಟು ಇಳಿದೆವು. ಗೇರು ಕೆಳಗೆ ಹಾಕಿ, ಎಂಜಿನ್ನಿಗೂ ಒಂದಿಷ್ಟು ಭಾರ ಹೊರಿಸಿ, ಬ್ರೇಕನ್ನು ಬೇಕಾದಷ್ಟೇ ಒತ್ತುತ್ತ ಬಂದೆ. ಹಿಂದಿನ ಗಾಲಿಯಿಂದ ಸದ್ದಿಲ್ಲ. ರಾತ್ರಿ ಮಗ ಫೋನಿನಲ್ಲಿ ಮತ್ತೆ ಕಾರು ಮಾರುವ ಮಾತು ತೆಗೆದ. "ನಿಮ್ಮಪ್ಪನ್ನ ಕೇಳು" ಎಂದು ಫೋನನ್ನು ಅವರ ಕಿವಿಗೆ ಹಿಡಿದೆ. ಅವರು ಕೇಳಿಸಿಕೊಂಡು, "ಬ್ಯಾಡ" ಎಂದರು. ಒಮ್ಮೊಮ್ಮೆ ತಪ್ಪಿ ಬರುವ ಮಾತಲ್ಲವೆ ಅದು! ಇರಲೆಂದು ಇನ್ನೊಮ್ಮೆ ಕೇಳಿದೆ. "ಬ್ಯಾಡ" ಎಂದು ಎಡಗೈಯಿಂದ ಸ್ಟಿಯರಿಂಗ್ ತಿರುವಿದಂತೆ ಮಾಡಿ ನನ್ನ ಕಡೆ ಬೆರಳು ತೋರಿಸಿದರು.

ಅವರ ಮುಷ್ಟಿ ಈಗ ಎರಡು ಬೆರಳಿನಷ್ಟು ಬಿಚ್ಚಿದೆ. ಎಡಗಾಲು ಮಾತ್ರ ಲಾರಿ ಕಂಡಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದೆ. ನಾನು ಈಗ ಏನೂ ಅನ್ನುವುದಿಲ್ಲ.